ರೊಂಡೊ ಬೀದಿ

ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ ರಾಜ್ಯಕ್ಕೆ ಸೇಂಟ್ ಪಾಲ್ ರಾಜಧಾನಿ. ಮಿಸಿಸಿಪಿ ನದಿಯ ದಂಡೆಯ ಮೇಲಿರುವ ಆ ನಗರದಲ್ಲಿ ಒಂದು ಕಾಲಕ್ಕೆ ರೊಂಡೊ ಎಂಬ ಬೀದಿಯಿತ್ತು. ಬೀದಿಯ ಹೆಸರೇ ಸುತ್ತಣ ಬಡಾವಣೆಗೂ ಹೆಸರಾಗಿತ್ತು. ನಗರದ ಕಪ್ಪು ಜನರಲ್ಲಿ ಬಹುಮಂದಿ ನೆಲೆಸಿದ್ದುದು ಅಲ್ಲಿಯೇ. ರೈಲಿನಲ್ಲಿ ಪ್ರಯಾಣಿಕರಿಗೆ ಹಾಸಿಗೆ ಹಾಸಿ, ಸಾಮಾನು ಹೊತ್ತು ಜೀವಿಸುತ್ತಿದ್ದವರು, ಕ್ಷೌರಿಕರು, ಅಂಗಡಿಕಾರರು, ವಕೀಲರು ಎಲ್ಲರೂ ಅಲ್ಲಿ ನೆರೆಹೊರೆಯವರು. ಈ ಸಹವಾಸವು ಪೂರ್ಣವಾಗಿ ಅವರ ಆಯ್ಕೆಯೇನೂ ಆಗಿರಲಿಲ್ಲ. ಬೇರೆಡೆ ಮನೆ ಕೊಳ್ಳಹೋದರೆ ಬಾಗಿಲು ಮುಚ್ಚುತ್ತಿತ್ತು. ಆದರೂ ಮುಚ್ಚಿದ ಬಾಗಿಲುಗಳ ನಡುವೆಯೇ ಅವರು ಚರ್ಚುಗಳನ್ನೂ ಪತ್ರಿಕೆಗಳನ್ನೂ ಸಂಘಗಳನ್ನೂ ಕಟ್ಟಿಕೊಂಡರು. ದುಡಿದು ಉಳಿಸಿದ ಹಣದಿಂದ ಹಲವರು ಸ್ವಂತ ಮನೆಯನ್ನೂ ಮಾಡಿಕೊಂಡರು.

1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ದೇಶದ ಇನ್ನೂರಕ್ಕೂ ಹೆಚ್ಚು ನಗರಗಳ ನಕಾಶೆಗಳಿಗೆ ನಾಲ್ಕು ಬಣ್ಣ ಹಚ್ಚಿತು. ಸಾಲ ಕೊಡಲು ಅಪಾಯಕರವೆಂದು ತೋರಿದ ಪ್ರದೇಶಗಳಿಗೆ ಕೆಂಪು ಬಣ್ಣ. ಕಪ್ಪು ಜನರ ಬಡಾವಣೆಗಳಿಗೆ ಬಹುತೇಕ ಈ ಬಣ್ಣವೇ ದೊರೆಯಿತು. ಮನೆ ಎಷ್ಟೇ ಗಟ್ಟಿಯಾಗಿದ್ದರೂ ಅದರೊಳಗೆ ವಾಸಿಸುವವರ ಮೈಬಣ್ಣ ಅದರ ಬೆಲೆಯನ್ನು ಇಳಿಸುತ್ತಿತ್ತು. ಸಾಲವಿಲ್ಲದ ಕಡೆ ದುರಸ್ತಿ ಸಾಗದು. ದುರಸ್ತಿ ಕಾಣದ ಬೀದಿಯನ್ನು ಹಾಳುಬೀದಿಯೆಂದು ಕರೆಯುವುದು ಆಮೇಲೆ ಸುಲಭವಾಯಿತು.

1956ರಲ್ಲಿ ಹೆದ್ದಾರಿಗಳ ಕಾನೂನು ಬಂದಿತು. 41,000 ಮೈಲಿಗಳ ಹೆದ್ದಾರಿಜಾಲಕ್ಕೆ ತಗಲುವ ವೆಚ್ಚದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಕೇಂದ್ರವೇ ಹೊತ್ತುಕೊಂಡಿತು. ರಸ್ತೆ ಯಾರ ನೆಲದ ಮೇಲೆ ಹಾಯಬೇಕೆಂಬುದೇ ನಗರಗಳಿಗೆ ಉಳಿದ ಪ್ರಶ್ನೆ. ಸೇಂಟ್ ಪಾಲ್ ನಗರದ ಯೋಜನಾ ಎಂಜಿನಿಯರಾಗಿದ್ದ ಜಾರ್ಜ್ ಹೆರಾಲ್ಡ್, ಉತ್ತರಕ್ಕಿರುವ ರೈಲುಹಳಿಗಳ ಪಕ್ಕದಲ್ಲಿ ರಸ್ತೆ ಸಾಗಲಿ, ಜನವಸತಿ ಉಳಿಯಲಿ ಎಂದು ಬಹುಕಾಲ ವಾದಿಸಿದನು. ಅವನ ಮಾತು ನಡೆಯಲಿಲ್ಲ. ರೇಖೆ ರೊಂಡೊ ಬೀದಿಯ ಮೇಲೆಯೇ ಬಿತ್ತು.

ಹಗೆತನದಿಂದ ಈ ದಾರಿಯನ್ನು ಆರಿಸಲಿಲ್ಲ, ನೆಲ ಅಗ್ಗವಾಗಿದ್ದುದರಿಂದ ಆರಿಸಿದರು ಎನ್ನುವವರುಂಟು. ಇರಬಹುದು. ಆದರೆ ಆ ನೆಲ ಅಗ್ಗವಾದದ್ದು ತಾನಾಗಿಯೇ ಅಲ್ಲವಲ್ಲ!

ಆರುನೂರಕ್ಕೂ ಹೆಚ್ಚು ಕಪ್ಪು ಕುಟುಂಬಗಳು ಮನೆ ಕಳೆದುಕೊಂಡವು. ಗೋಡೆಗೂ ಮಾಡಿಗೂ ಬೆಲೆ ಕಟ್ಟಿದರು, ಅದೂ ಜುಗ್ಗತನದಿಂದ. ತಾಯಿ ಕೆಲಸಕ್ಕೆ ಹೋದಾಗ ಮಗುವಿಗೆ ಊಟವಿಕ್ಕುತ್ತಿದ್ದ ಪಕ್ಕದ ಮನೆಯ ಮುದುಕಿಗೆ, ಕೈಯಲ್ಲಿ ಕಾಸಿಲ್ಲದ ದಿನ ಕಡ ಕೊಡುತ್ತಿದ್ದ ಅಂಗಡಿಗೆ ಪರಿಹಾರದ ಲೆಕ್ಕದಲ್ಲಿ ಕಲಮೇ ಇರಲಿಲ್ಲ. ಹೊರಟವರಿಗೆ ಹೋಗಲು ಎಡೆಯೂ ಕಡಿಮೆ. ಮನೆ ಮಾರುವಾಗ ವರ್ಣಭೇದ ಮಾಡಬಾರದೆಂದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದದ್ದು 1968ರಲ್ಲಿ. ಹೆದ್ದಾರಿ ತೆರೆದದ್ದೂ ಅದೇ ವರ್ಷ.

ಚದುರಿದವರು 1983ರಿಂದ ರೊಂಡೊ ಹೆಸರಿನಲ್ಲಿ ಉತ್ಸವವೊಂದನ್ನು ಆರಂಭಿಸಿದರು. 2015ರಲ್ಲಿ ನಗರದ ಮೇಯರು ಬಹಿರಂಗವಾಗಿ ಕ್ಷಮೆ ಕೇಳಿದರು. ಹೆದ್ದಾರಿಯನ್ನು ಅಲ್ಲಿ ನೆಲವನ್ನು ಆಳವಾಗಿ ಅಗೆದು ಹಾಕಿದ್ದಾರೆ. ಆದುದರಿಂದ ತಾನು ಹುಟ್ಟಿದ ಮನೆಯ ಜಾಗವನ್ನು ಮೊಮ್ಮಕ್ಕಳಿಗೆ ತೋರಿಸಬಯಸುವ ಅಜ್ಜಿ, ಮೇಲ್ಸೇತುವೆಯ ಕಟಾಂಜನ ಹಿಡಿದು ನಿಂತು, ವಾಹನಗಳ ಮೇಲಣ ಬರಿಯ ಗಾಳಿಯತ್ತ ಬೆರಳು ಚಾಚಬೇಕು.