ಲೆಕ್ಕ ಕೂಡಿದರೆ ಸಾಲದು

ನಮ್ಮ ಶಾಲೆಯ ಈ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದೂ, ಅದು ನನ್ನ ವೃತ್ತಿಗೆ ಸಂಬಂಧಿಸಿದ್ದೇ ಆಗಿರಬೇಕೆಂದೂ ಸಂಪಾದಕ ಮಂಡಲಿಯ ಹಿರಿಯರು ಅಪ್ಪಣೆ ಮಾಡಿದ್ದಾರೆ. ಈ ಶಾಲೆಯಿಂದ ಹೊರಬಿದ್ದ ಮೇಲೆ ಬೆಂಗಳೂರಿನಲ್ಲಿ ನಾನು ಮಾಡುತ್ತ ಬಂದ ಕೆಲಸವೆಂದರೆ ಇಷ್ಟೇ: ಗಣಕಯಂತ್ರದ ಡಿಸ್ಕಿನಲ್ಲಿ ಕಡತಗಳನ್ನು ಇಟ್ಟಿರುವ ವ್ಯವಸ್ಥೆ ಕೆಟ್ಟಾಗ ಅದನ್ನು ತಪಾಸಣೆ ಮಾಡಿ ಸರಿಪಡಿಸುವ ಸಲಕರಣೆಗಳನ್ನು ಇನ್ನಷ್ಟು ನಂಬಲರ್ಹವಾಗಿ ಮಾಡುವುದು. ಸಾಹಿತ್ಯಾಸಕ್ತರಿಗೆ ಈ ವಿಷಯ ನೀರಸವೆನಿಸಬಹುದು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯವರಿಗೆ ಇದರ ತಿರುಳು ಹೊಸದಲ್ಲವೆಂಬ ಧೈರ್ಯದಿಂದ ಬರೆಯಲು ಕುಳಿತಿದ್ದೇನೆ. ಪಹಣಿಯ ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತದ ಮನೆತನ ನಮ್ಮ ಸೀಮೆಯಲ್ಲಿ ಯಾವುದಿದೆ?

ಡಿಸ್ಕೆಂಬುದು ಸರ್ವೆಯಾದ ಒಂದು ಗ್ರಾಮ ಎಂದು ಭಾವಿಸೋಣ. ಅದರ ನೆಲವನ್ನೆಲ್ಲ ಸಮನಾದ ತುಂಡುಗಳಾಗಿ ವಿಂಗಡಿಸಿ ಸಂಖ್ಯೆ ಕೊಡಲಾಗಿದೆ. ಇವಕ್ಕೆ ಬ್ಲಾಕುಗಳೆಂದು ಹೆಸರು. ಪ್ರತಿಯೊಂದು ಕಡತಕ್ಕೂ ಒಂದು ಖಾತೆಯುಂಟು, ಅದೇ ಐನೋಡ್. ಈ ಕಡತ ಯಾವ ಯಾವ ಬ್ಲಾಕುಗಳನ್ನು ಹಿಡಿದಿದೆ, ಅದರ ಗಾತ್ರವೆಷ್ಟು, ಎಷ್ಟು ಹೆಸರುಗಳಿಂದ ಅದನ್ನು ಕರೆಯುತ್ತಾರೆ ಎಂಬುದೆಲ್ಲ ಆ ಖಾತೆಯಲ್ಲಿದೆ. ಆದರೆ ಹೆಸರು ಮಾತ್ರ ಅಲ್ಲಿಲ್ಲ. ಹೆಸರಿರುವುದು ಕಡತಕೋಶದಲ್ಲಿ, ಅಂದರೆ ಹೆಸರಿನ ಮುಂದೆ ಖಾತೆಯ ಸಂಖ್ಯೆಯನ್ನು ಬರೆದಿಟ್ಟ ಬೇರೊಂದು ಪಟ್ಟಿಯಲ್ಲಿ. ಇನ್ನು ಯಾವ ತುಂಡು ಬೀಳು ಬಿದ್ದಿದೆ, ಯಾವುದು ಸಾಗುವಳಿಯಲ್ಲಿದೆ ಎಂಬುದಕ್ಕೆ ಮೂರನೆಯದೊಂದು ಪಟ್ಟಿ. ಒಂದೇ ಸಂಗತಿಯನ್ನು ಹೀಗೆ ಎರಡು ಮೂರು ಕಡೆ ಬರೆದಾಗ ಅವು ಒಂದಕ್ಕೊಂದು ತಾಳೆಯಾಗದೆ ಹೋಗುವ ಸಂಭವ ಇದ್ದೇ ಇರುತ್ತದೆ. ಪಹಣಿಯ 3ನೆಯ ಕಾಲಮ್ಮಿನ ವಿಸ್ತೀರ್ಣಕ್ಕೂ 9ನೆಯ ಕಾಲಮ್ಮಿನಲ್ಲಿ ಹಿಡುವಳಿದಾರರ ಹೆಸರಿನ ಮುಂದಿರುವ ವಿಸ್ತೀರ್ಣಗಳ ಮೊತ್ತಕ್ಕೂ ಹೊಂದದೆ ಎಷ್ಟು ರೈತರು ಅಲೆದಿಲ್ಲ! ಹೊಲ ಇದ್ದಲ್ಲೇ ಇರುತ್ತದೆ, ಬದುವೂ ಅಲುಗಿರುವುದಿಲ್ಲ, ಕೆಟ್ಟಿರುವುದು ಬರಹ. ಆದರೂ ಮಾರಾಟ ನಿಲ್ಲುತ್ತದೆ, ಬ್ಯಾಂಕಿನ ಸಾಲ ನಿಲ್ಲುತ್ತದೆ.

ಇಂಥ ತಾಳೆ ನೋಡುವ ಕಾರ್ಯಕ್ರಮವನ್ನು ಯುನಿಕ್ಸ್ ಪರಂಪರೆಯಲ್ಲಿ ಎಫ್‌ಎಸ್‌ಸಿಕೆ ಎಂದು ಕರೆಯುತ್ತಾರೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಟಿ. ಜೆ. ಕೊವಾಲ್ಸ್ಕಿ ಅದನ್ನು ರಚಿಸಿದರು. ಅದಕ್ಕೂ ಮೊದಲು ಐಚೆಕ್, ಡಿಚೆಕ್ ಎಂಬ ಬಿಡಿ ಬಿಡಿ ಸಲಕರಣೆಗಳಿದ್ದವು. ಅವು ತಪ್ಪನ್ನು ತೋರಿಸುತ್ತಿದ್ದವು, ಮುಂದಿನದನ್ನು ಯಂತ್ರ ನೋಡಿಕೊಳ್ಳುವವನೇ ಬಗೆಹರಿಸಬೇಕಾಗಿತ್ತು. ಬರ್ಕ್ಲಿ ವಿಶ್ವವಿದ್ಯಾಲಯದ ಮಾರ್ಷಲ್ ಕರ್ಕ್ ಮಕ್ಯುಸಿಕ್ ತಾವು ರೂಪಿಸಿದ ವೇಗದ ಕಡತವ್ಯವಸ್ಥೆಗೆ ತಕ್ಕಂತೆ ಎಫ್‌ಎಸ್‌ಸಿಕೆಯನ್ನು ತಿದ್ದಿ ಬೆಳೆಸಿದರು. ಅದರ ಕೆಲಸ ಐದು ಹಂತಗಳಲ್ಲಿ ನಡೆಯುತ್ತದೆ. ಮೊದಲು ಖಾತೆಗಳನ್ನೆಲ್ಲ ಓದಿ, ಒಂದೇ ಬ್ಲಾಕಿಗೆ ಇಬ್ಬರು ಒಡೆಯರಿದ್ದಾರೆಯೇ ಎಂದು ನೋಡುವುದು, ಆಮೇಲೆ ಹೆಸರುಪಟ್ಟಿಗಳು, ಆಮೇಲೆ ಪ್ರತಿಯೊಂದು ಕಡತಕೋಶವೂ ಮೂಲದವರೆಗೆ ದಾರಿ ಹೊಂದಿದೆಯೇ ಎಂಬುದು, ಬಳಿಕ ಹೆಸರುಗಳ ಎಣಿಕೆ, ಕೊನೆಗೆ ಬೀಳು-ಸಾಗುವಳಿ ಪಟ್ಟಿ. ನಮ್ಮ ಹಿರಿಯರು ಕಂಡ ಜಮಾಬಂದಿ ಬೇರೇನಾಗಿತ್ತು? ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ವರ್ಷಕ್ಕೊಮ್ಮೆ ಮೇಲಧಿಕಾರಿ ಬಂದು ಕುಳಿತು, ಗ್ರಾಮದ ಒಂದು ವಹಿಯನ್ನು ಇನ್ನೊಂದರ ಪಕ್ಕದಲ್ಲಿ ಬಿಚ್ಚಿಸಿ ತಾಳೆ ನೋಡುತ್ತಿದ್ದರು.

ತಪ್ಪುಗಳು ಹುಟ್ಟುವುದೆಲ್ಲಿ ಎಂಬುದಕ್ಕೆ ಹರಪನಹಳ್ಳಿ ತಾಲ್ಲೂಕಿಗಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲ. 1997ರಲ್ಲಿ ಅದು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆಗೆ ಅದೂ ಅಲ್ಲಿಗೆ ಸೇರಿತು. ಊರು ಒಂದು ಗೇಣೂ ಸರಿದಿಲ್ಲ. ಡಿಸ್ಕಿನಲ್ಲಿಯೂ ಕಡತಕೋಶವೊಂದನ್ನು ಬೇರೆ ಕಡೆಗೆ ಸಾಗಿಸುವುದೆಂದರೆ ಇದೇ: ಹೊಸ ಪಟ್ಟಿಯಲ್ಲಿ ಹೆಸರು ಬರೆ, ಹಳೆಯದರಲ್ಲಿ ಹೊಡೆದುಹಾಕು, ಒಳಗಿರುವ ‘ನನ್ನ ಮೇಲಿನವರು ಇಂಥವರು’ ಎಂಬ ಸಾಲನ್ನು ತಿದ್ದು. ಈ ಮೂರು ಬರಹಗಳ ನಡುವೆ ಕರೆಂಟು ಹೋದರೆ, ತಾಲ್ಲೂಕು ಎರಡು ಜಿಲ್ಲೆಗಳಲ್ಲಿಯೂ ಕಾಣಿಸುತ್ತದೆ, ಇಲ್ಲವೆ ಎರಡರಲ್ಲಿಯೂ ಇಲ್ಲವಾಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಕೊಟ್ಟೂರಿನ ದಲಾಲಿ ಅಂಗಡಿಗಳಿಗೆ ಎಂದಿನಿಂದಲೂ ಗೊತ್ತಿರುವುದೇ. ವ್ಯಾಪಾರ ನಡೆದೊಡನೆ ಮೊದಲು ಕಿರ್ದಿಯಲ್ಲಿ ಬರೆಯುವುದು, ಖಾತೆಗೆ ಏರಿಸುವುದು ಆಮೇಲೆ. ನಡುವೆ ದೀಪ ಆರಿದರೂ ಕಿರ್ದಿಯನ್ನು ನೋಡಿ ಖಾತೆಯನ್ನು ಪೂರೈಸಬಹುದು. ಲಿನಕ್ಸ್ ಬಳಗದಲ್ಲಿ ಸ್ಟೀಫನ್ ಟ್ವೀಡಿ ರೂಪಿಸಿದ ಇಎಕ್ಸ್‌ಟಿ3 ಎಂಬ ವ್ಯವಸ್ಥೆ 2001ರಲ್ಲಿ ಈ ಕಿರ್ದಿಯನ್ನು ತಂದಿತು. ಅದಕ್ಕೆ ಮೊದಲು ಯಂತ್ರ ಹಠಾತ್ತನೆ ನಿಂತಾಗಲೆಲ್ಲ ಇಡೀ ಡಿಸ್ಕನ್ನು ಓದಿ ತಾಳೆ ನೋಡಬೇಕಾಗಿತ್ತು. ಡಿಸ್ಕಿನ ಗಾತ್ರ ಬೆಳೆದಷ್ಟು ವೇಗವಾಗಿ ಅದನ್ನು ಓದುವ ವೇಗ ಬೆಳೆಯದ್ದರಿಂದ ತಪಾಸಣೆಗೆ ಗಂಟೆಗಳೇ ಹಿಡಿಯುತ್ತಿದ್ದವು. ಕಿರ್ದಿ ಬಂದ ಮೇಲೆ ಕೆಲವೇ ಕ್ಷಣಗಳಲ್ಲಿ ಮುಗಿಯತೊಡಗಿತು. ಅಲ್ಲಿಗೆ ತಪಾಸಣೆಯ ಅಗತ್ಯವೇ ತೀರಿತೆಂದು ಹಲವರು ತಿಳಿದರು. ಅದು ಸರಿಯಲ್ಲ. ಕಿರ್ದಿ ಕಾಯುವುದು ಅರ್ಧಕ್ಕೆ ನಿಂತ ಬರಹವನ್ನು ಮಾತ್ರ. ವಹಿಯ ಹಾಳೆಗೇ ಗೆದ್ದಲು ಹಿಡಿದರೆ ಕಿರ್ದಿಯೇನು ಮಾಡೀತು?

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಆ ಶಾಲೆಯ ಹೆಸರು ಇಲ್ಲಿ ಬೇಡ. ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಬಂದಿದ್ದಾಗ ಅಲ್ಲಿಂದ ಕರೆ ಬಂತು. ಹಳೆಯ ದಾಖಲಾತಿ ರಿಜಿಸ್ಟರುಗಳ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ, ವರ್ಷವಾರು ಕೋಶಗಳಲ್ಲಿ ಇಟ್ಟಿದ್ದರು. ಡಿಸ್ಕು ಹಳೆಯದು, ಅಲ್ಲಲ್ಲಿ ಓದಲು ಬಾರದ ಜಾಗಗಳು ಆಗಲೇ ಹುಟ್ಟಿದ್ದವು. ಒಂದು ದಿನ ಕರೆಂಟು ಹೋಗಿ ಬಂದ ಮೇಲೆ ಯಂತ್ರ ದುರಸ್ತಿಗೆ ಅನುಮತಿ ಬೇಡಿತು. ಅದರ ಪ್ರಶ್ನೆಗಳು ಇಂಥವು: ‘ಇಷ್ಟನೆಯ ಐನೋಡಿನ ಎಣಿಕೆ ಎರಡಿದೆ, ಒಂದಿರಬೇಕು, ಸರಿಪಡಿಸಲೇ?’ ಮೈಲಾರದ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕವೂ ಒಂದೇ ಸಾಲಿನದು. ಆದರೆ ಅದಕ್ಕೆ ಅರ್ಥ ಹೇಳಲು ಹಡಗಲಿ ತಾಲ್ಲೂಕಿನಲ್ಲಿ ಜನರಾದರೂ ಸಾಕಷ್ಟಿದ್ದಾರೆ. ಇಲ್ಲಿ ಯಾರೂ ಇರಲಿಲ್ಲ. ನೂರಾರು ಪ್ರಶ್ನೆಗಳಿಗೆ ‘ಹೌದು’ ಎಂದು ಒತ್ತಿದ್ದಾಯಿತು. ಕೊನೆಯಲ್ಲಿ ಯಂತ್ರ ‘ಎಲ್ಲವೂ ಶುದ್ಧ’ ಎಂದು ವರದಿ ಕೊಟ್ಟಿತು. ಹಿರಿಯ ಗುಮಾಸ್ತರು ನನ್ನನ್ನು ಕೇಳಿದ ಮಾತು ಇಂದಿಗೂ ನೆನಪಿದೆ: “ತಮ್ಮಾ, ಮಷಿನ್ನೇನೋ ಎಲ್ಲಾ ಸರಿ ಐತಿ ಅಂತೈತಿ. ಮತ್ತ ಹುಡುಗ್ರ ಹೆಸರು ಎಲ್ಲಿ ಹೋದ್ವು?”

ವರ್ಷವಾರು ಕೋಶಗಳು ಇರಲಿಲ್ಲ. ಅವುಗಳ ಹೆಸರುಪಟ್ಟಿ ಇದ್ದ ಬ್ಲಾಕುಗಳೇ ಕೆಟ್ಟಿದ್ದರಿಂದ, ಯಂತ್ರವು ದಿಕ್ಕಿಲ್ಲದ ಖಾತೆಗಳನ್ನೆಲ್ಲ ‘ಕಳೆದು ಸಿಕ್ಕವು’ ಎಂಬ ಅರ್ಥದ ಒಂದು ಕೋಶದಲ್ಲಿ ಬರಿಯ ಸಂಖ್ಯೆಗಳ ಹೆಸರಿನಲ್ಲಿ ಸುರಿದಿತ್ತು. ಅನಾಥಾಲಯದಲ್ಲಿ ಮಕ್ಕಳಿಗೆ ಅಂಕಿಗಳನ್ನು ಕೊಟ್ಟಂತೆ! ಇನ್ನು ಕೆಲವು ಖಾತೆಗಳನ್ನು ಅನುಮಾನಾಸ್ಪದವೆಂದು ಪೂರ್ಣ ಅಳಿಸಿಬಿಟ್ಟಿತ್ತು. ಲೆಕ್ಕವೇನೋ ಕೂಡಿತ್ತು. ತಕರಾರಿನಲ್ಲಿರುವ ರೈತನ ಹೆಸರನ್ನೇ ಹೊಡೆದುಹಾಕಿ 3ನೆಯ ಕಾಲಮ್ಮಿಗೂ 9ನೆಯ ಕಾಲಮ್ಮಿಗೂ ತಾಳೆ ಮಾಡಿದರೆ ಹೇಗೋ ಹಾಗೆ.

ಅದೇ ವಾರದಲ್ಲಿ ಹರಪನಹಳ್ಳಿ ತಾಲ್ಲೂಕಿನ ಹೆಣ್ಣುಮಗಳೊಬ್ಬಳು ತಂದೆಯ ವ್ಯಾಸಂಗ ಪ್ರಮಾಣಪತ್ರಕ್ಕಾಗಿ ಬಂದಳು. ತಾಲ್ಲೂಕು ಬಳ್ಳಾರಿಗೆ ಮರಳಿದ ಮೇಲೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಗೆ ಅರ್ಜಿ ಹಾಕುವವರು ಹಳೆಯ ಶಾಲಾ ದಾಖಲೆಗಳನ್ನು ಹುಡುಕಿಕೊಂಡು ಬರುತ್ತಿದ್ದ ಕಾಲವದು. ಆಕೆಯ ಅರ್ಜಿಗೆ ಉಳಿದಿದ್ದುದು ನಾಲ್ಕು ದಿನ. ತಂದೆಯ ಪುಟ ಅಳಿಸಿಹೋದವುಗಳ ಪೈಕಿ ಸೇರಿತ್ತು. ಮೂಲ ರಿಜಿಸ್ಟರುಗಳನ್ನು ಇನ್ನು ಬೇಕಿಲ್ಲವೆಂದು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಿದ್ದರು. ರದ್ದಿಗೆ ಕೊಡುವ ಮಾತೂ ನಡೆದಿತ್ತಂತೆ. ಇಬ್ಬರು ಶಿಕ್ಷಕರು ಎರಡು ರಾತ್ರಿ ಚೀಲಗಳನ್ನು ಬಿಚ್ಚಿ ಆ ಪುಟವನ್ನು ಹುಡುಕಿ ತೆಗೆದರು. ಕಡೆಯ ದಿನಕ್ಕೆ ಒಂದು ದಿನ ಮುಂಚೆ ಪ್ರಮಾಣಪತ್ರ ಆಕೆಯ ಕೈಸೇರಿತು. ಉಳಿದ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ತೆರೆದು, ಮೇಲಿನ ಪುಟಸಂಖ್ಯೆಯನ್ನು ಓದಿ ಮರುನಾಮಕರಣ ಮಾಡುವಲ್ಲಿ ಅವರ ದಸರಾ ರಜೆಯೆಲ್ಲ ಕಳೆಯಿತು.

ದುರಸ್ತಿ ಸಲಕರಣೆಯ ಕರ್ತವ್ಯವೇನು ಎಂಬ ಪ್ರಶ್ನೆ ನನ್ನ ವೃತ್ತಿಯಲ್ಲಿ ದೊಡ್ಡದು. ಕಡತವ್ಯವಸ್ಥೆಯನ್ನು ಮತ್ತೆ ಬಳಸಲು ಯೋಗ್ಯವಾಗಿಸುವುದು ಅದರ ಮೊದಲ ಧರ್ಮವೆಂದು ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದೇವೆ. ಒಳಗಿರುವುದನ್ನು ಉಳಿಸುವುದು ಎರಡನೆಯದು. ಈ ಕ್ರಮ ತಲೆಕೆಳಗಾಗಬೇಕೆಂಬುದು ನನ್ನ ಅಭಿಪ್ರಾಯ. 2008ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹರ್ಯಾದಿ ಗುನಾವಿ ಮತ್ತು ಸಂಗಡಿಗರು, ಲಿನಕ್ಸಿನ ಪ್ರಸಿದ್ಧ ತಪಾಸಣಾ ಕಾರ್ಯಕ್ರಮವು ಕೆಲವು ಸಂದರ್ಭಗಳಲ್ಲಿ ಡಿಸ್ಕಿನಲ್ಲಿಯೇ ಲಭ್ಯವಿರುವ ಸಾಕ್ಷ್ಯವನ್ನು ಉಪಯೋಗಿಸದೆ ತಪ್ಪು ತಿದ್ದುಪಡಿ ಮಾಡುತ್ತದೆಂದು ತೋರಿಸಿಕೊಟ್ಟರು. ಸಿ ಭಾಷೆಯ ಸಹಸ್ರಾರು ಸಾಲುಗಳಲ್ಲಿ ಹುದುಗಿದ್ದ ನಿಯಮಗಳನ್ನು ಅವರು ದತ್ತಸಂಚಯದ ಪ್ರಶ್ನೆಗಳ ರೂಪದಲ್ಲಿ ಬಿಡಿಸಿ ಬರೆದರು. ನಿಯಮ ಓದಲು ಸಿಕ್ಕಿದರೆ ತಾನೆ ಅದು ನ್ಯಾಯವೋ ಅನ್ಯಾಯವೋ ಎಂದು ವಿಚಾರಿಸಲು ಸಾಧ್ಯ? ಅದೇ ವಿಶ್ವವಿದ್ಯಾಲಯದವರು 2013ರಲ್ಲಿ, ಲೆಕ್ಕಪತ್ರಗಳನ್ನು ಡಿಸ್ಕಿನಲ್ಲಿ ಒತ್ತೊತ್ತಾಗಿ ಇರಿಸುವ ವಿಧಾನದಿಂದ ತಪಾಸಣೆಯನ್ನು ಹತ್ತು ಪಟ್ಟಿನವರೆಗೆ ತ್ವರಿತಗೊಳಿಸಿದರು. ಲಿನಕ್ಸಿನ ಆ ಕಾರ್ಯಕ್ರಮವನ್ನು ಥಿಯೊಡೋರ್ ಚೊ ಮತ್ತು ಸಂಗಡಿಗರು ದಶಕಗಳಿಂದ ತಿದ್ದುತ್ತ ಬಂದಿದ್ದಾರೆ. ದುರಸ್ತಿಗೆ ಮೊದಲಿನ ಸ್ಥಿತಿಯನ್ನು ಬೇರೊಂದು ಕಡತದಲ್ಲಿ ಕಾದಿಟ್ಟು, ಬೇಡವೆನಿಸಿದರೆ ಹಿಂದಕ್ಕೆ ಮರಳುವ ಅನುಕೂಲ ಅದಕ್ಕೆ 2016ರ ಸುಮಾರಿಗೆ ಸೇರಿತು. ಬೇಕೆಂದೇ ಕೆಡಿಸಿದ ನೂರಾರು ಪುಟ್ಟ ಕಡತವ್ಯವಸ್ಥೆಗಳ ಮಾದರಿಗಳು ಅದರೊಂದಿಗೇ ಬರುತ್ತವೆ. ಒಂದು ಸಾಲು ಬದಲಾಯಿಸಿದರೂ ಅವೆಲ್ಲವನ್ನೂ ಮತ್ತೆ ದುರಸ್ತಿ ಮಾಡಿಸಿ ಉತ್ತರ ತಾಳೆ ನೋಡಬಹುದು. ಒಂದು ವೈದ್ಯಕೀಯ ಕಾಲೇಜಿನಷ್ಟೇ ಬೆಲೆಯುಳ್ಳ ಸಂಗ್ರಹವಿದು.

ಇತ್ತೀಚಿನ ಹೆಜ್ಜೆ ಇನ್ನೂ ದೊಡ್ಡದು. ಪಹಣಿ ಸರ್ವೆ ಸಂಖ್ಯೆಯ ಕ್ರಮದಲ್ಲಿದೆ, ಖಾತಾ ವಹಿ ಒಡೆಯರ ಕ್ರಮದಲ್ಲಿದೆ. ಒಂದು ಸುಟ್ಟುಹೋದರೆ ಇನ್ನೊಂದರಿಂದ ಅದನ್ನು ಮರಳಿ ಬರೆಯಬಹುದಷ್ಟೆ? ಎಕ್ಸ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯಲ್ಲಿ ಡ್ಯಾರಿಕ್ ವಾಂಗ್ ಅವರು 2016ರಲ್ಲಿ, ‘ಈ ಬ್ಲಾಕಿನ ಒಡೆಯ ಯಾರು’ ಎಂದು ಹೇಳುವ ಇಂಥ ಹಿಮ್ಮುಖ ವಹಿಯೊಂದನ್ನು ಸೇರಿಸಿದರು. ಅದರ ಬಲದಿಂದ, ಯಂತ್ರ ಕೆಲಸ ಮಾಡುತ್ತಿರುವಾಗಲೇ ಕೆಟ್ಟ ಪಟ್ಟಿಯನ್ನು ಪಕ್ಕದಲ್ಲಿ ಹೊಸದಾಗಿ ರಚಿಸಿ, ಒಂದೇ ಏಟಿಗೆ ಹಳೆಯದರ ಜಾಗದಲ್ಲಿ ಕೂರಿಸುವ ವಿಧಾನದ ಬಹುಭಾಗ 2024ರಲ್ಲಿ ಲಿನಕ್ಸಿಗೆ ಸೇರಿತು. ಅದೇ 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಗಿತ್ತು. ಆಣೆಕಟ್ಟನ್ನು ಬರಿದು ಮಾಡಿದರಲ್ಲದೆ ಅದನ್ನು ಮುಚ್ಚಲಾಗದೆಂದು ಎಷ್ಟೋ ಮಂದಿ ಕೈಚೆಲ್ಲಿದ್ದರು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ಅದನ್ನು ಮುಚ್ಚಲಾಯಿತು. ಬಹಳಷ್ಟು ನೀರು ಹೋಯಿತು, ಆದರೆ ಜಲಾಶಯ ಬರಿದಾಗಲಿಲ್ಲ. ಬಳಕೆಯಲ್ಲಿರುವ ಡಿಸ್ಕನ್ನು ದುರಸ್ತಿ ಮಾಡುವುದು ಹೇಗೆಂದು ಕೇಳಿದವರಿಗೆ ನಾನು ಈಗ ಆ ಗೇಟಿನ ಕಥೆಯನ್ನೇ ಹೇಳುತ್ತೇನೆ.

ಇಷ್ಟಾದರೂ, ಇಲ್ಲದ ಪ್ರತಿಯನ್ನು ಯಾವ ಸಲಕರಣೆಯೂ ಸೃಷ್ಟಿಸಿಕೊಡಲಾರದು. ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರುಗಳನ್ನೂ ಈಗ ಸ್ಕ್ಯಾನ್ ಮಾಡಲಾಗುತ್ತಿದೆ. ಮುಖ್ಯೋಪಾಧ್ಯಾಯರಲ್ಲಿ ನಾನು ಮಾಡಿದ ಅರಿಕೆ ಮೂರು. ಮೂಲ ವಹಿಗಳು ಬೀರುವಿನಿಂದ ಕದಲಬಾರದು. ಪ್ರತಿಗಳು ಎರಡು ಡಿಸ್ಕುಗಳಲ್ಲಿರಬೇಕು, ಒಂದು ಬೇರೆ ಕಟ್ಟಡದಲ್ಲಿರಬೇಕು. ಯಂತ್ರ ದುರಸ್ತಿಗೆ ಅನುಮತಿ ಬೇಡಿದರೆ ಮೊದಲು ‘ಬೇಡ’ ಎಂದು ಒತ್ತಿ, ಡಿಸ್ಕಿನ ಪೂರ್ಣ ನಕಲು ತೆಗೆದು, ಆ ನಕಲಿನ ಮೇಲೆ ದುರಸ್ತಿಯನ್ನು ಪ್ರಯೋಗಿಸಬೇಕು. ಅವರು ಮೂರನ್ನೂ ಒಪ್ಪಿ, ಪ್ರತಿ ದಸರಾ ರಜೆಯಲ್ಲಿ ಎರಡನೆಯ ಡಿಸ್ಕಿನಿಂದ ಒಂದು ವರ್ಷದ ಪುಟಗಳನ್ನು ಹೊರತೆಗೆದು ಮೂಲ ವಹಿಯೊಡನೆ ತಾಳೆ ನೋಡುವ ಪದ್ಧತಿಯನ್ನೂ ತಾವೇ ಸೇರಿಸಿದ್ದಾರೆ. ಶಾಲೆಗೆ ಗಣಕಯಂತ್ರಗಳನ್ನು ಕೊಡುಗೆಯಾಗಿ ನೀಡಬಯಸುವ ದಾನಿಗಳಲ್ಲಿ ಒಂದು ವಿಜ್ಞಾಪನೆ: ಯಂತ್ರಗಳು ಸದ್ಯಕ್ಕೆ ಸಾಕಷ್ಟಿವೆ. ಕರೆಂಟು ಹೋದಾಗ ಅವುಗಳನ್ನು ಕಾಯುವ ಯು.ಪಿ.ಎಸ್. ಬ್ಯಾಟರಿಗಳು ಮೂರು ನಾಲ್ಕು ವರ್ಷಗಳಲ್ಲಿ ಸೋಲುತ್ತವೆ, ಡಿಸ್ಕುಗಳೂ ಹಾಗೆಯೇ. ಬೇಕಾದವುಗಳ ಪಟ್ಟಿ ಕಚೇರಿಯಲ್ಲಿ ದೊರೆಯುತ್ತದೆ.