ಇಪ್ಪತ್ತೊಂದು ಕಿಲೋಮೀಟರ್, ಎರಡು ದಿನ

ಓಡುವುದಕ್ಕೆ ನಮ್ಮ ಸೋಗಾನೆಯಲ್ಲಿ ಜಾಗಕ್ಕೇನೂ ಬರವಿಲ್ಲ. ಒಂದು ಕಡೆ ಕೇಂದ್ರ ಕಾರಾಗೃಹದ ಎತ್ತರದ ಗೋಡೆ, ಇನ್ನೊಂದು ಕಡೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಕುವೆಂಪು ಹೆಸರಿನ ವಿಮಾನ ನಿಲ್ದಾಣ. ಆಚೀಚೆ ಗದ್ದೆ, ತೋಟ, ಬೆಳಗಿನ ಜಾವ ಖಾಲಿ ಬಿದ್ದಿರುವ ಡಾಂಬರು ರಸ್ತೆ. ಹಾಗಾಗಿ ಹಾಫ್ ಮ್ಯಾರಥಾನ್ ಓಡಲು ಸಾತಾರಾಕ್ಕೆ ಹೊರಟಿದ್ದೇನೆ ಎಂದಾಗ ಪಕ್ಕದ ಮನೆಯ ಅತ್ತಿಗೆ ಕೇಳಿದ್ದು ನ್ಯಾಯವಾಗಿಯೇ ಇತ್ತು. "ಅಲ್ಲ ಮಾರಾಯ್ತಿ, ಇಪ್ಪತ್ತೊಂದು ಕಿಲೋಮೀಟ್ರು ಓಡಕ್ಕೆ ಐನೂರು ಕಿಲೋಮೀಟ್ರು ಹೋಗ್ಬೇಕಾ? ಇಲ್ಲೇ ಓಡಿದ್ರೆ ಆಗಲ್ವಾ?"

ಆರು ವರ್ಷಗಳಿಂದ ಈ ಪ್ರಶ್ನೆ ಒಂದಲ್ಲ ಒಂದು ಬಾಯಿಂದ ಬರುತ್ತಲೇ ಇದೆ. ನನಗೀಗ ನಲವತ್ತೇಳು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರು ಹೇಳಿದ ಮೇಲೆ ನಡೆಯಲು ಶುರು ಮಾಡಿದವಳು, ಯಾವಾಗಲೋ ಓಡತೊಡಗಿದೆ. ವೇಗ ಹೇಳಿಕೊಳ್ಳುವಂಥದ್ದಲ್ಲ. ಎರಡೂವರೆ ಗಂಟೆಯೊಳಗೆ ಮುಗಿದರೆ ಆ ದಿನ ಹಬ್ಬ.

ಬೆಳಗ್ಗೆ ಐದೂವರೆಗೆ ರಸ್ತೆಯಲ್ಲಿ ನನ್ನ ಜೊತೆಗಿರುವವರು ಪೊಲೀಸ್ ಕೆಲಸಕ್ಕೆ ತಯಾರಾಗುತ್ತಿರುವ ಹುಡುಗರು. ಕಾನ್‌ಸ್ಟೇಬಲ್ ಆಗಲು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅವರ ಓಟಕ್ಕೆ ಸಂಬಳವಿದೆ, ಸಮವಸ್ತ್ರವಿದೆ, ಮನೆಯವರ ಕನಸಿದೆ. ಅವರಲ್ಲೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಒಮ್ಮೆ ಪಕ್ಕದಲ್ಲೇ ಓಡುತ್ತ ಕೇಳಿದ: "ಮಿಸ್, ಅಲ್ಲಿ ಗೆದ್ರೆ ಏನ್ ಕೊಡ್ತಾರೆ?" ಗೆಲ್ಲುವುದಿಲ್ಲಪ್ಪ, ಮುಗಿಸಿದರೆ ಒಂದು ಮೆಡಲು, ಒಂದು ಬಾಳೆಹಣ್ಣು ಎಂದೆ. "ಅದಕ್ಕೆ ನೀವೇ ದುಡ್ಡು ಕಟ್ಬೇಕಾ?" ಹೌದು ಎಂದಾಗ ಅವನು ನಗಲಿಲ್ಲ. ಲೆಕ್ಕ ತಪ್ಪಿದ ವಿದ್ಯಾರ್ಥಿಯನ್ನು ನಾನು ನೋಡುವ ಹಾಗೆ ನನ್ನನ್ನು ನೋಡಿ ಮುಂದೆ ಓಡಿದ.

ಮೊದಮೊದಲು ನಾನು ಕೊಡುತ್ತಿದ್ದ ಉತ್ತರ ಅಳತೆಯದು. ಮ್ಯಾರಥಾನಿನ 42.195 ಕಿಲೋಮೀಟರ್ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ, ಅದು ಅಧಿಕೃತವಾದದ್ದು 1921ರಲ್ಲಿ. ಅದರ ಅರ್ಧ 21.0975. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಶಿವಮೊಗ್ಗದಿಂದ ಭದ್ರಾವತಿಗೆ ಓಡಿ, ಸಾಲದೆಂಬಂತೆ ಇನ್ನೂ ಮೂರು ಕಿಲೋಮೀಟರಿನಷ್ಟು ಓಡಬೇಕು. ಅಂತರರಾಷ್ಟ್ರೀಯ ಮಾನ್ಯತೆ ಇರುವ ಓಟಗಳ ದಾರಿಯನ್ನು ಚಕ್ರಕ್ಕೆ ಎಣಿಕೆ ಯಂತ್ರ ಕಟ್ಟಿದ ಸೈಕಲ್ಲಿನಿಂದ ಅಳೆಯುತ್ತಾರೆ. ದಾರಿ ತಪ್ಪಿಯೂ ಗಿಡ್ಡವಾಗಬಾರದೆಂದು ಪ್ರತಿ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸುತ್ತಾರೆ. ಗಣಿತದ ಮೇಷ್ಟ್ರಿಗೆ ಇಷ್ಟವಾಗಲು ಇಷ್ಟು ಸಾಕು. ಆದರೆ ಕೈಗಡಿಯಾರವೇ ದೂರ ಹೇಳುವ ಕಾಲದಲ್ಲಿ ಅತ್ತಿಗೆಗೆ ಇದು ಉತ್ತರವಲ್ಲ.

ಎರಡನೆಯ ಉತ್ತರ ಹೆಂಗಸಾಗಿ ಕೊಡುವಂಥದ್ದು. ಊರ ರಸ್ತೆಯಲ್ಲಿ ನಾನು ಟೀಚರ್, ಇಂಥವರ ಮಗಳು. ಎದುರು ಸಿಕ್ಕ ಹಾಲಿನವರಿಗೆ ನಮಸ್ಕಾರ ಹೇಳಬೇಕು, ಟೀ ಶರ್ಟಿನ ಮೇಲೆ ದುಪಟ್ಟಾ ಇಲ್ಲದ್ದನ್ನು ಗಮನಿಸುವವರನ್ನು ಗಮನಿಸದ ಹಾಗಿರಬೇಕು, ಬೆಳಕು ಹರಿಯುವುದರೊಳಗೆ ಮನೆ ಸೇರಬೇಕು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಹತ್ತಿರ ನನ್ನ ಮೊದಲ ಹಾಫ್ ಮ್ಯಾರಥಾನಿಗೆ ನಿಂತಾಗ ಸುತ್ತ ಸಾವಿರಾರು ಜನ. ಒಬ್ಬರಿಗೂ ನನ್ನ ಪರಿಚಯವಿಲ್ಲ. ಎದೆಗೆ ಚುಚ್ಚಿಕೊಂಡ ಸಂಖ್ಯೆಯಷ್ಟೇ ನಾನು. ಅಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಸೀರೆಯುಟ್ಟೇ ನನ್ನನ್ನು ಹಿಂದೆ ಹಾಕಿ ಹೋದರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಶುರುವಾದದ್ದು 1984ರಲ್ಲಿ. ಅಷ್ಟು ದೂರದ ಓಟ ಹೆಂಗಸಿನ ಮೈಗೆ ಆಗದು ಎಂದು ಅದುವರೆಗೂ ವಾದಿಸುವವರಿದ್ದರು. ಆ ಸೀರೆಯ ಅಂಚು ಕಣ್ಣಿಗೆ ಕಾಣುವಷ್ಟು ದೂರ ಅವರ ಹಿಂದೆ ಓಡಿದೆ.

ಆಮೇಲೆ ಶ್ರೀರಂಗಪಟ್ಟಣಕ್ಕೆ ಹೋದೆ. ಕಾವೇರಿ ಟ್ರಯಲ್ ಎಂದು ಕರೆಯುವ ಆ ಓಟ ಕಾಲುವೆಯ ದಂಡೆಯ ಮಣ್ಣುದಾರಿಯಲ್ಲಿ. ರಂಗನತಿಟ್ಟಿನ ಹಕ್ಕಿಗಳು ತಲೆಯ ಮೇಲೆ, ಪಕ್ಕದಲ್ಲಿ ನೀರು, ಎರಡೂ ಕಡೆ ಭತ್ತದ ಗದ್ದೆ. ನಮ್ಮೂರಿನ ಹಾಗೆಯೇ ಇದೆಯಲ್ಲ ಅನ್ನಿಸಿತು. ಹಾಗಿದ್ದೂ ಅಲ್ಲಿ ಕಾಲು ಹಗುರವಾಗಿತ್ತು. ಸಾತಾರಾದ್ದು ಇದಕ್ಕೆ ತೀರಾ ವಿರುದ್ಧ. ಊರಿನಿಂದ ಹೊರಟು ಯವತೇಶ್ವರ ಘಾಟಿ ಹತ್ತಬೇಕು, ಅರ್ಧಕ್ಕೆ ತಿರುಗಿ ಅದೇ ಘಾಟಿ ಇಳಿಯಬೇಕು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ. ಮಂಜಿನೊಳಗಿಂದ ಶಾಲೆಯ ಮಕ್ಕಳು ಮರಾಠಿಯಲ್ಲಿ ಏನೋ ಕೂಗಿ ಹುರಿದುಂಬಿಸುತ್ತಿದ್ದರು. ಅರ್ಥವಾಗದಿದ್ದರೂ ಕಾಲುಗಳಿಗೆ ಅರ್ಥವಾಯಿತು.

ಇದೆಲ್ಲ ನಿಜವೇ. ಆದರೆ ಹೇಳಬೇಕಾದ ಉತ್ತರ ಬೇರೆ ಇದೆ.

ಮನೆಯಲ್ಲಿ ನಾನು ಮತ್ತು ಅಮ್ಮ. ಎಂಟು ವರ್ಷಗಳಿಂದ ಅಮ್ಮನಿಗೆ ಪಾರ್ಕಿನ್ಸನ್ಸ್. ಕೈ ನಡುಗುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಕಾಲು ನೆಲಕ್ಕೆ ಅಂಟಿಕೊಳ್ಳುವುದು ಮನೆಯವರಿಗೆ ಮಾತ್ರ ಗೊತ್ತು. ಅಡುಗೆಮನೆಯಿಂದ ನಡುಮನೆಗೆ ಬರುವಾಗ ಹೊಸ್ತಿಲ ಹತ್ತಿರ ಅಮ್ಮ ಇದ್ದಕ್ಕಿದ್ದಂತೆ ನಿಂತುಬಿಡುತ್ತಾಳೆ. ಮನಸ್ಸು ಮುಂದೆ ಹೋಗಿರುತ್ತದೆ, ಪಾದ ಏಳುವುದಿಲ್ಲ. ಫಿಸಿಯೋಥೆರಪಿಯವರು ಹೇಳಿದಂತೆ ನೆಲದ ಮೇಲೆ ಅಡ್ಡಡ್ಡಕ್ಕೆ ಕೆಂಪು ಟೇಪು ಅಂಟಿಸಿದ್ದೇವೆ. ಸಮ ನೆಲದಲ್ಲಿ ಏಳದ ಕಾಲು, ದಾಟುವುದಕ್ಕೊಂದು ಗೆರೆ ಕಂಡರೆ ಏಳುತ್ತದೆ. "ಒಂದು, ಎರಡು" ಎಂದು ಎಣಿಸುತ್ತ ಅಮ್ಮ ಗೆರೆ ದಾಟಿ ಬರುತ್ತಾಳೆ. ಇದು ನಮ್ಮ ಮನೆಯ ಪವಾಡವಲ್ಲ. ಈ ಕಾಯಿಲೆಗೆ ಲೋಕದ ಎಲ್ಲ ಕಡೆ ಬಳಸುವ ಉಪಾಯ.

ಮಾತ್ರೆಯದು ಇನ್ನೊಂದು ಲೆಕ್ಕ. ಲೆವೊಡೊಪಾ ಹೊತ್ತಿಗೆ ಸರಿಯಾಗಿ ಹೋಗಬೇಕು, ಊಟಕ್ಕೆ ಮುಂಚೆಯೇ ಹೋಗಬೇಕು. ಅರ್ಧ ಗಂಟೆ ತಡವಾದರೆ ಆ ಮಧ್ಯಾಹ್ನವೇ ಗಟ್ಟಿಯಾಗಿಬಿಡುತ್ತದೆ. ಶಾಲೆಯ ಹೊತ್ತಿನಲ್ಲಿ ನೋಡಿಕೊಳ್ಳಲು ಒಬ್ಬರು ಬರುತ್ತಾರೆ. ಉಳಿದ ಹದಿನಾರು ಗಂಟೆ ನನ್ನವು. ಬೆಂಗಳೂರಿನಲ್ಲಿರುವ ತಮ್ಮ ಒಳ್ಳೆಯವನು. ತಿಂಗಳಿಗೆ ಹಣ ಕಳಿಸುತ್ತಾನೆ, ದಿನಾ ಫೋನ್ ಮಾಡುತ್ತಾನೆ, ಹಬ್ಬಕ್ಕೆ ಬಂದು ಅಮ್ಮನ ಪಕ್ಕ ಕೂತು ಅಳುತ್ತಾನೆ. ಆದರೆ ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಸಂದರ್ಭವೇ ಬಂದಿರಲಿಲ್ಲ, ಏಕೆಂದರೆ ನಾನು ಯಾವಾಗಲೂ ಅಲ್ಲೇ ಇದ್ದೆ.

ನನಗೆ ಸುಸ್ತಾಗಿದೆ ಎಂದರೆ "ರೆಸ್ಟ್ ತಗೋ ಅಕ್ಕ" ಎನ್ನುತ್ತಿದ್ದ. ಸುಸ್ತಿಗೆ ದಿನಾಂಕವಿಲ್ಲ, ಹಾಗಾಗಿ ಅದಕ್ಕೆ ಯಾರೂ ರಜೆ ಹಾಕುವುದಿಲ್ಲ. ಓಟಕ್ಕೆ ದಿನಾಂಕವಿದೆ. ಮೊದಲ ಬಾರಿ ಹೆಸರು ನೋಂದಾಯಿಸಿ, ರೈಲಿನ ಟಿಕೆಟ್ ತೆಗೆದು, ಎರಡನ್ನೂ ಅವನಿಗೆ ಕಳಿಸಿ, "ಶನಿವಾರ, ಭಾನುವಾರ ನೀನು ಇಲ್ಲಿರಬೇಕು" ಎಂದು ಬರೆದೆ. "ಅಮ್ಮನ್ನ ಬಿಟ್ಟು ಓಡಕ್ಕೆ ಹೋಗ್ತೀಯಾ?" ಎಂದು ಕೇಳಿದ. ಫೋನಿನ ಹತ್ತಿರವೇ ಕೂತಿದ್ದ ಅಮ್ಮ ನಿಧಾನವಾಗಿ, ಒಂದೊಂದೇ ಪದ ಎತ್ತಿಡುತ್ತ ಹೇಳಿದಳು: "ಬಿಟ್ಟು ಅಲ್ವೋ. ನಿನ್ ಹತ್ರ ಬಿಟ್ಟು."

ಅವನು ಬಂದ. ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹತ್ತಿದ ನಾನು ಅರಸೀಕೆರೆಯವರೆಗೂ ಕಣ್ಣು ಮುಚ್ಚಲಿಲ್ಲ. ಭಾನುವಾರ ಸಂಜೆ ವಾಪಸಾದಾಗ ಮನೆ ಚೆಲ್ಲಾಪಿಲ್ಲಿ, ಹಾಲು ಉಕ್ಕಿ ಒಲೆಯ ಮೇಲೆ ಗಟ್ಟಿಯಾಗಿತ್ತು, ತಮ್ಮನ ಕಣ್ಣು ಕೆಂಪಾಗಿತ್ತು. ಅಮ್ಮ ಚೆನ್ನಾಗಿದ್ದಳು. "ರಾತ್ರಿ ಮೂರು ಸಲ ಎದ್ದೆ ಅಕ್ಕ. ದಿನಾ ಹಿಂಗೇನಾ?" ಎಂದ. ದಿನಾ ಹೀಗೇ ಎಂದೆ. ಫೋನಿನಲ್ಲಿ ಹೇಳಿ ತಲುಪದ ಮಾತು ಎರಡು ರಾತ್ರಿಗಳಲ್ಲಿ ತಲುಪಿತ್ತು.

ಅತ್ತಿಗೆಯ ಪ್ರಶ್ನೆಗೆ ನನ್ನ ಉತ್ತರ ಇದು. ಇಲ್ಲೇ ಓಡಿದರೆ ಓಟ ಆಗುತ್ತದೆ, ಏಳು ಗಂಟೆಗೆ ಮತ್ತೆ ಮನೆಯಲ್ಲೇ ಇರುತ್ತೇನೆ, ಏನೂ ಬದಲಾಗುವುದಿಲ್ಲ. ಐನೂರು ಕಿಲೋಮೀಟರ್ ಹೋದರೆ ಎರಡು ದಿನ ನಾನು ಅಲ್ಲಿರುವುದಿಲ್ಲ. ನಾನಿಲ್ಲದ ಜಾಗಕ್ಕೆ ಬೇರೆ ಯಾರಾದರೂ ಬಂದು ನಿಲ್ಲಲೇಬೇಕು. ಸಮ ನೆಲದಂಥ ದಿನಗಳಲ್ಲಿ ನನಗೂ ದಾಟುವುದಕ್ಕೊಂದು ಗೆರೆ ಬೇಕಿತ್ತು, ತಮ್ಮನಿಗೂ ಬೇಕಿತ್ತು.

ಮನೆಯ ಮೇಲೆ ವಿಮಾನ ಹಾರಿದರೂ ನಾನು ಹೋಗುವುದು ರೈಲಿನಲ್ಲೇ. ಒಂದು ಓಟದ ಖರ್ಚು ನನ್ನ ಸಂಬಳಕ್ಕೆ ಸಣ್ಣದಲ್ಲ, ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಅಮ್ಮನ ಕಾಯಿಲೆ ಮುಂದೆ ಹೋಗುವುದೇ ಹೊರತು ಹಿಂದೆ ಬರುವುದಲ್ಲ. ಕಳೆದ ವರ್ಷ ನಾಲ್ಕಿದ್ದ ಮಾತ್ರೆಯ ಹೊತ್ತು ಈಗ ಐದಾಗಿದೆ. ಎಷ್ಟು ವರ್ಷ ಹೀಗೆ ಹೋಗಿ ಬರುತ್ತೇನೋ, ಆ ಲೆಕ್ಕ ನನ್ನ ಕೈಯಲ್ಲಿಲ್ಲ.

ಆದರೆ ಫ್ರಿಜ್ಜಿನ ಬಾಗಿಲ ಮೇಲೆ ಈಗ ಎರಡು ಪಟ್ಟಿಗಳಿವೆ. ಒಂದು ನಾನು ಬರೆದದ್ದು, ಇನ್ನೊಂದು ತಮ್ಮನದು. ಮಾತ್ರೆಯ ಹೊತ್ತಿನ ಪಕ್ಕದಲ್ಲಿ ಅವನೇ ಕಂಡುಕೊಂಡ ಸಂಗತಿಗಳನ್ನು ಗುರುತು ಹಾಕಿದ್ದಾನೆ: ಹಳೆಯ ಹಾಡು ಹಾಕಿದರೆ ಕಾಲು ಬೇಗ ಏಳುತ್ತದೆ, ದೊಡ್ಡ ಲೋಟಕ್ಕಿಂತ ಹಿಡಿಯಿರುವ ಕಪ್ಪು ವಾಸಿ, ಅವಸರ ಮಾಡಬಾರದು. ಮೊದಲನೆಯದು ನನಗೆ ಗೊತ್ತಿರಲಿಲ್ಲ. ಈಗ ಬೆಳಗ್ಗೆ ಓಡಿ ಬಂದ ಮೇಲೆ ನಾನೂ ಹಾಡು ಹಾಕುತ್ತೇನೆ.