ಮೂರು ಡಬ್ಬಿಗಳ ಸಂಸಾರ

ನಮ್ಮ ಮನೆಯಲ್ಲಿ ನಾವು ಆರು ಜನ. 2023ರ ದೀಪಾವಳಿಗೆ ನಮ್ಮ ಜೊತೆಗೆ ಮೂರು ಬಿಳಿಯ ಡಬ್ಬಿಗಳು ಬಂದು ಸೇರಿಕೊಂಡವು. ಅವು ಉಣ್ಣುವುದಿಲ್ಲ, ಉಡುವುದಿಲ್ಲ, ಮಾತನಾಡುವುದಿಲ್ಲ. ಆದರೂ ಮನೆಯ ಶಾಂತಿಯೆಲ್ಲ ಅವುಗಳ ಲಹರಿಯ ಮೇಲೆ ನಿಂತಿದೆ. ದೀಪ ಹಸಿರಾಗಿದ್ದರೆ ಎಲ್ಲರೂ ತಮ್ಮ ತಮ್ಮ ಕೋಣೆಯಲ್ಲಿ ತೆಪ್ಪಗಿರುತ್ತಾರೆ. ಕೆಂಪಾಯಿತೋ, ಮೂರು ಅಂತಸ್ತಿನಿಂದಲೂ ಒಮ್ಮೆಗೇ ಕೂಗು ಏಳುತ್ತದೆ. ಇವಕ್ಕೆ ‘ಮೆಶ್ ವೈಫೈ’ ಎಂದು ಹೆಸರು. ಮೆಶ್ ಎಂದರೆ ಬಲೆ. ಬಲೆಯಲ್ಲಿ ಸಿಕ್ಕವರು ಯಾರೆಂಬುದು ವಾಚಕರಿಗೆ ಮುಂದೆ ತಿಳಿಯುವುದು.

ಮೊದಲು ಮನೆಯ ವಿಷಯ ಹೇಳಬೇಕು. ನಾನು ಧಾರವಾಡದಿಂದ ಪುಣೆಗೆ ನೌಕರಿಗೆಂದು ಬಂದದ್ದು 1986ರಲ್ಲಿ. ಹನ್ನೆರಡು ವರ್ಷ ಬಾಡಿಗೆಯ ಮನೆಗಳಲ್ಲಿ ಕಳೆದು, 1998ರಲ್ಲಿ ಸಹಕಾರನಗರದ ಕಡೆಗೆ ಒಂದು ಹಳೆಯ ಮನೆಯನ್ನು ಕೊಂಡೆ. ಅದನ್ನು ಕಟ್ಟಿಸಿದ ಗೃಹಸ್ಥರು ಮೊದಲು ಮುಠಾ ನದಿಯ ದಂಡೆಯ ಪೇಠೆಯಲ್ಲಿದ್ದವರು. 1961ರ ಜುಲೈ 12ರಂದು ಕೆಲಸ ಇನ್ನೂ ಮುಗಿಯದಿದ್ದ ಪಾನ್‌ಶೇತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾ ಕಟ್ಟೆಯೂ ಬಿರಿದು, ಹೊಳೆಯ ಬದಿಯ ಪೇಠೆಗಳು ಮುಳುಗಿದ ಕಥೆಯನ್ನು ಪುಣೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಆ ಗೃಹಸ್ಥರ ಮಣ್ಣಿನ ವಾಡೆ ಅಂದು ಕರಗಿಹೋಯಿತಂತೆ. ಆ ಹೆದರಿಕೆಯಲ್ಲಿ ಅವರು ಹೊಸ ಮನೆಗೆ ಹದಿನೆಂಟು ಅಂಗುಲದ ಕರಿಗಲ್ಲಿನ ಗೋಡೆ ಎಬ್ಬಿಸಿದರು. ಕೊಳ್ಳುವಾಗ ನಾನು ಆ ಗೋಡೆಗಳನ್ನು ತಟ್ಟಿ ತಟ್ಟಿ ನೋಡಿ ಸಂತೋಷಪಟ್ಟಿದ್ದೆ. ವೈಫೈ ಎಂಬ ಹೆಸರು ಹುಟ್ಟಿದ್ದೇ 1999ರಲ್ಲಿ. ನೀರನ್ನು ತಡೆಯಲು ಕಟ್ಟಿದ ಗೋಡೆ ಮುಂದೆ ಇನ್ನೇನನ್ನು ತಡೆಯಬಹುದೆಂದು ನನಗೆ ಹೇಗೆ ಗೊತ್ತಾಗಬೇಕು?

ಈಗ ಮೇಲಿನ ಅಂತಸ್ತಿನಲ್ಲಿ ಮಗ-ಸೊಸೆ, ನಡುವೆ ನಾವಿಬ್ಬರು, ಕೆಳಗೆ ಅವ್ವ. ಅವ್ವನಿಗೆ ಎಂಬತ್ತಮೂರು, ಮೊಣಕಾಲು ಮೆಟ್ಟಿಲು ಹತ್ತಲೊಲ್ಲದು. ಒಂಬತ್ತು ವರ್ಷದ ಮೊಮ್ಮಗಳು ಮಾತ್ರ ಮೂರೂ ಅಂತಸ್ತುಗಳ ಪ್ರಜೆ. ಹೊರಗಿನ ತಂತಿ ಬರುವುದು ಮೇಲೆ, ಮಗನ ಕೋಣೆಗೆ. ಅವನ ಆಫೀಸು ಹಿಂಜವಡಿಯಲ್ಲಿದ್ದರೂ ವಾರದ ಮೂರು ದಿನ ಕೆಲಸ ಮನೆಯಿಂದಲೇ. ಮೊದಲನೆಯ ಡಬ್ಬಿ ಅಲ್ಲಿ, ಎರಡನೆಯದು ನಡುವಿನ ಮೆಟ್ಟಿಲ ಬಳಿ, ಮೂರನೆಯದು ಅವ್ವನ ಕೋಣೆಯ ಗೂಡಿನಲ್ಲಿ, ದೇವರ ಫೋಟೋದ ಪಕ್ಕಕ್ಕೆ. ಕೆಳಗಿನ ಅಂತಸ್ತಿನಲ್ಲಿ ಮೊಬೈಲಿನ ಸಿಗ್ನಲ್ಲೂ ನಿಲ್ಲುವುದಿಲ್ಲವಾದ್ದರಿಂದ ಅವ್ವನ ಪಾಲಿಗೆ ಹೊರಲೋಕದ ಕಿಟಕಿ ಎಂದರೆ ಈ ಮೂರನೆಯ ಡಬ್ಬಿಯೇ.

ಹೊರಲೋಕವೆಂದರೂ ಬಹಳವೇನಲ್ಲ. ಧಾರವಾಡದಲ್ಲಿ ಮುರುಘಾಮಠದ ಕಡೆಗೆ ಒಂದು ಹಂಚಿನ ಮನೆ. ಅದು ಅವ್ವನ ತವರು. ಅಣ್ಣತಮ್ಮಂದಿರಿಲ್ಲದ ಆ ಮನೆಯಲ್ಲಿ ಈಗ ಚಿಕ್ಕವ್ವ ಮಗನೊಂದಿಗೆ ಇದ್ದಾಳೆ. ಸಂಜೆ ದೀಪ ಹಚ್ಚಿದ ಮೇಲೆ ಏಳು ಗಂಟೆಗೆ ಅಕ್ಕತಂಗಿಯರ ವಿಡಿಯೋ ಮಾತು. ನಾನು ಬಂದ ಹೊಸತರಲ್ಲಿ ರಾತ್ರಿ ದರ ಇಳಿಯುವತನಕ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತು ಮೂರು ನಿಮಿಷ ಕೂಗಿ ಬರುತ್ತಿದ್ದೆವು. ಈಗ ಮುಖ ನೋಡುತ್ತ ಒಂದು ತಾಸು ಪಲ್ಲೆಯ ವಿಚಾರ ಮಾತಾಡಬಹುದು. ಡಬ್ಬಿಗಳ ಮನಸ್ಸಿದ್ದರೆ.

ಮನಸ್ಸಿರುವುದು ಕಡಿಮೆ. ಬೆಳಿಗ್ಗೆ ನೆಟ್ಟಗಿದ್ದದ್ದು ಸಂಜೆ ತೊದಲುತ್ತಿತ್ತು. ಚಿಕ್ಕವ್ವನ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತಿತ್ತು. ದುರಸ್ತಿಗೆಂದು ಗುರುವಾರ ಕರೆಂಟು ಹೋಗಿ ಬಂದಿತೆಂದರೆ ಮೂರನೆಯ ಡಬ್ಬಿ ಉಳಿದೆರಡನ್ನು ಹುಡುಕಲಾರದೆ ಕೆಂಪಗೆ ಮಿಟುಕುತ್ತ ಕೂಡುತ್ತಿತ್ತು. ಆಗ ಮೇಲಿನಿಂದ ಒಂದೊಂದಾಗಿ ಆರಿಸಿ ಹೊತ್ತಿಸಿಕೊಂಡು ಇಳಿಯಬೇಕು. ಈ ಪೂಜೆಯ ಅರ್ಚಕ ನಾನೇ. ನನ್ನಾಕೆ, “ಆ ಒಂದs ಡಬ್ಬಿ ಇದ್ದಾಗ ಛಲೋ ಇತ್ರೀ” ಎಂದು ವಾರಕ್ಕೊಮ್ಮೆ ಅನ್ನುತ್ತಿದ್ದಳು. ಒಂದೇ ಡಬ್ಬಿ ಇದ್ದಾಗ ಅವ್ವನ ಕೋಣೆಯಲ್ಲಿ ಏನೂ ಬರುತ್ತಿರಲಿಲ್ಲವೆಂಬುದನ್ನು ನಾನು ನೆನಪಿಸುತ್ತಿರಲಿಲ್ಲ. ಮದುವೆಯಾಗಿ ನಲವತ್ತು ವರ್ಷವಾಗುತ್ತ ಬಂದಿದೆ.

ಇದೆಲ್ಲ ನಗುತ್ತ ಸಾಗುತ್ತಿತ್ತು. 2024ರ ಆಷಾಢದಲ್ಲಿ ಹಾಗಾಗಲಿಲ್ಲ. ಆ ಜುಲೈ ಕೊನೆಗೆ ಮಳೆ ಸುರಿದು, ಖಡಕ್‌ವಾಸ್ಲಾದಿಂದ ನೀರು ಬಿಟ್ಟು, ಸಿಂಹಗಡ ರಸ್ತೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ಎಲ್ಲರೂ ಬಲ್ಲರು. ಮರುದಿನ ಸಂಜೆ ಅವ್ವ ಎಂದಿನಂತೆ ಮಾತಿಗೆ ಕೂತಳು. ಪಂಚಮಿ ಎರಡು ವಾರವಿತ್ತು. ನಾಗರಪಂಚಮಿಗೆ ತವರಿಗೆ ಹೋಗುವುದೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಏನೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಿಲ್ಲ. ಮೊಣಕಾಲಿನ ದೆಸೆಯಿಂದ ಎರಡು ವರ್ಷ ತಪ್ಪಿಸಿಕೊಂಡಿದ್ದ ಅವ್ವ ಈ ಸಲ ಹೋಗಿಯೇ ಹೋಗುವೆನೆಂದು ಹೊಸ ಇಳಕಲ್ ಸೀರೆಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು.

ಅಂದು ಮಾತು ಬೇಗ ಮುಗಿಯಿತು. ಮಾರನೆಯ ಸಂಜೆ ಅವ್ವ ಫೋನು ಹಚ್ಚಲಿಲ್ಲ. ಕೇಳಿದರೆ, “ವೈಫೈ ಇಲ್ಲಲ್ಲೋ” ಎಂದಳು. ದೀಪ ಹಸಿರಿತ್ತು. ಅದರ ಮರುದಿನ ತಲೆನೋವು. ಹೀಗೆ ಆರು ದಿನ, ಏಳು ದಿನ ಕಳೆದವು. ನಾನು ಮಂಕ, ಡಬ್ಬಿಯದೇ ತಪ್ಪೆಂದು ನಂಬಿ ದಿನಾ ಅದನ್ನು ಆರಿಸಿ ಹೊತ್ತಿಸುತ್ತಿದ್ದೆ. ಕೊನೆಗೆ ಗುಟ್ಟು ಒಡೆದವಳು ಮೊಮ್ಮಗಳು. ಅವಳು ಇಲ್ಲಿಯ ಮಕ್ಕಳಂತೆ ಮುತ್ತಜ್ಜಿಗೆ ಪಣಜಿ ಎನ್ನುತ್ತಾಳೆ. “ಅಜ್ಜಾ, ಪಣಜಿ ಪೆಟ್ಟಿಗ್ಯಾಗಿನ ಸೀರಿ ತಗದು ಕಪಾಟಿನ್ಯಾಗ ಇಟ್ಲು. ಅಳಾಕತ್ತಿದ್ಲು.”

ಗಚ್ಚಿಯ ಮೇಲೆ ಸಿಗ್ನಲ್ ಸಿಗುವ ಮೂಲೆಗೆ ಹೋಗಿ ಚಿಕ್ಕವ್ವನಿಗೆ ಫೋನು ಮಾಡಿದೆ. ಆಕೆ ನನ್ನ ಮೇಲೆಯೇ ಹರಿಹಾಯ್ದಳು. “ನಿಮ್ಮವ್ವ ಮಾತಿನ ನಡುವs ಕಟ್ ಮಾಡಿದ್ಲು! ಎಂಟ ದಿನಾ ಆತು. ನಾ ಏನ ತಪ್ಪ ಅಂದೇನಿ?” ಏನು ಅಂದೆಯೆಂದು ಕೇಳಿದೆ. ಆಕೆ ಅಂದದ್ದು ಇಷ್ಟು: “ಪಂಚಮಿಗೆ ನೀ ಬರಬ್ಯಾಡ ಯಕ್ಕಾ, ಮಳಿ ಹಿಡದೈತಿ, ಮನಿ ಸೋರಾಕತ್ತೈತಿ, ನೀ ಜಾರಿ ಬಿದ್ದಿ ಅಂದ್ರ ಏನ ಗತಿ? ಹಂಚ ಕೈಯಾಡಿಸಿರ್ತೀವಿ, ದಸರಾಕ್ಕ ಬಾ, ತಿಂಗಳ ಇರು.”

ಇದರಲ್ಲಿ ಅವ್ವನ ಕೋಣೆಯವರೆಗೆ ಬಂದು ಮುಟ್ಟಿದ್ದು ಮೊದಲನೆಯ ನಾಲ್ಕು ಮಾತು. ಬಾಯಿ ತೆರೆದ ತಂಗಿಯ ಮುಖ ಹಾಗೆಯೇ ನಿಂತಿತು. ಆಮೇಲೆ ಪರದೆ ಕಪ್ಪಾಯಿತು. ನನ್ನ ಮಗ ಹೇಳುವ ಪ್ರಕಾರ ಅದು ನಾಲ್ಕೈದು ಸೆಕೆಂಡಿನ ವ್ಯವಹಾರ.

ನಾನು ಕೆಳಗೆ ಓಡಿಬಂದು ಎಲ್ಲವನ್ನೂ ಹೇಳಿದೆ. ಅವ್ವ ಕೇಳಿಸಿಕೊಂಡು, “ನೀ ಸಮಾಧಾನಾ ಮಾಡಾಕ ಹೇಳ್ತಿ” ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಅದು ಚಿಕ್ಕವ್ವನ ಬಾಯಿಂದಲೇ, ನಡುವೆ ಕಡಿಯದಂತೆ, ಬರಬೇಕು.

ಮಾರನೆಯ ದಿನವೇ ಪೇಠೆಯಿಂದ ಒಬ್ಬ ತಿಳಿದ ಹುಡುಗನನ್ನು ಕರೆಸಿದೆ. ಅದಕ್ಕೂ ಮೊದಲು ಬಂದಿದ್ದವರೆಲ್ಲ ಮೇಲಿನ ಡಬ್ಬಿಯ ಪಕ್ಕದಲ್ಲಿ ನಿಂತು ವೇಗ ಅಳೆದು, “ಕಾಕಾ, 94 ಯೇತಯ್, ಏಕದಮ್ ಮಸ್ತ” ಎಂದು ಹೊರಟುಹೋಗಿದ್ದರು. ಈತ ಮಾತ್ರ ನೇರವಾಗಿ ಅವ್ವನ ಕೋಣೆಗೆ ಹೋಗಿ ಕೂತನು, ಅದೂ ಸಂಜೆ ಏಳು ಗಂಟೆಗೆ. ಅವನು ತಿಳಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ.

ಪಂಕ್ತಿಯಲ್ಲಿ ಬಡಿಸುವುದನ್ನು ನೆನೆಯಿರಿ. ಅಡಿಗೆಮನೆಯಿಂದ ಒಬ್ಬನು ಸಾರಿನ ಸೌಟು ಕೊಡುತ್ತಾನೆ, ನಡುವಿನವನು ಇಸಿದುಕೊಂಡು ಎಲೆಗೆ ಬಡಿಸುತ್ತಾನೆ. ನಡುವಿನವನಿಗೆ ಒಂದೇ ಕೈ ಇದ್ದರೆ ಇಸಿದುಕೊಳ್ಳುವಾಗ ಬಡಿಸುವಂತಿಲ್ಲ, ಬಡಿಸುವಾಗ ಇಸಿದುಕೊಳ್ಳುವಂತಿಲ್ಲ. ಕೆಲಸ ಅರ್ಧಕ್ಕೆ ಇಳಿಯಿತು. ಅವನ ಮುಂದೆ ಇನ್ನೊಬ್ಬ ಒಂಟಿಗೈಯವನಿದ್ದರೆ ಮತ್ತೆ ಕಡಿಮೆ. ಗಾಳಿಯಲ್ಲೇ ಒಂದಕ್ಕೊಂದು ಮಾತಾಡಿಕೊಳ್ಳುವ ನಮ್ಮ ಡಬ್ಬಿಗಳ ಪಾಡು ಇದು. ತಮ್ಮೊಳಗಿನ ಮಾತಿಗೆಂದೇ ಬೇರೆ ಕೈಯುಳ್ಳ ಡಬ್ಬಿಗಳೂ ಉಂಟು. ಅವಕ್ಕೆ ಬೆಲೆ ಹೆಚ್ಚು, ನಾನು ಕೊಂಡದ್ದು ದೀಪಾವಳಿಯ ರಿಯಾಯಿತಿಯವು. ಅದರ ಮೇಲೆ ಗೋಡೆ. 5 ಗಿಗಾಹರ್ಟ್ಸಿನ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ; ಕಲ್ಲಿನ ಮುಂದೆ ಅದು ಸೋಲುತ್ತದೆ. 2.4ರ ಅಲೆ ಹೇಗೋ ತೂರುತ್ತದೆ, ಆದರೆ ಆ ದಾರಿ ಲಕ್ಷ್ಮಿ ರಸ್ತೆಯ ದೀಪಾವಳಿ ಸಂಜೆಯಂತೆ; ಒಂದಕ್ಕೊಂದು ತಾಗದೆ ನಡೆಯಬಲ್ಲ ಓಣಿಗಳು ಮೂರೇ, ಓಡಾಡುವವರು ನೆರೆಹೊರೆಯ ಇಪ್ಪತ್ತಮೂರು ಮನೆಯವರು. ಮೈಕ್ರೋವೇವ್ ಒಲೆಯೂ ಅಲ್ಲಿಯೇ ಸದ್ದು ಮಾಡುತ್ತದೆ. ಏಳು ಗಂಟೆಗೆ ಮಗನಿಗೆ ಅಮೇರಿಕದವರ ಮೀಟಿಂಗು, ನೆರೆಯವರಿಗೆ ಸೀರಿಯಲ್ಲು, ನಮ್ಮಲ್ಲಿ ಪಲ್ಲೆ ಬಿಸಿಮಾಡುವುದು.

“ಹಾಗಾದರೆ ಹಸಿರು ದೀಪ?” ಎಂದೆ. ಅದು ಮೂರನೆಯದಕ್ಕೆ ಎರಡನೆಯದು ಸಿಕ್ಕಿದೆ ಎಂದಷ್ಟೇ ಹೇಳುತ್ತದಂತೆ. ಸಿಕ್ಕದ್ದು ಗಟ್ಟಿಯೋ ಟೊಳ್ಳೋ ಅದಕ್ಕೆ ಸಂಬಂಧವಿಲ್ಲ. ಮುಖ ನೋಡಿ ಮಾತಾಡಲು ಬಹಳ ವೇಗವೂ ಬೇಡವಂತೆ, ನೂರರಲ್ಲಿ ಎರಡು ಪಾಲು ಸಾಕು. ಆದರೆ ಆ ಎರಡು ನೀರಿನ ಸಣ್ಣ ಧಾರೆಯಂತೆ ಬಿಡದೆ ಬರಬೇಕು. ಇನ್ನೊಂದು ವಿಚಿತ್ರವನ್ನೂ ತೋರಿಸಿದನು. ಯಾವ ಡಬ್ಬಿಯನ್ನು ಹಿಡಿಯಬೇಕೆಂಬುದನ್ನು ಕೊನೆಗೆ ತೀರ್ಮಾನಿಸುವುದು ಫೋನೇ. ನಮ್ಮವರ ಫೋನು ಮೇಲೆ ಬಂದು ಚಾರ್ಜಾಗಿ ಕೆಳಗೆ ಹೋದ ಮೇಲೂ, ಮೊಳದಳತೆಯ ಡಬ್ಬಿಯನ್ನು ಬಿಟ್ಟು ಮೇಲಿನದನ್ನೇ ಹಿಡಿದು ತೂಗಾಡುತ್ತಿತ್ತು. ತವರಿನ ಹುಚ್ಚು ಫೋನಿಗೂ ಉಂಟೆಂದು ಅಂದುಕೊಂಡೆ.

ಔಷಧ ಒಂದೇ: ಮೇಲಿನಿಂದ ಅವ್ವನ ಕೋಣೆಗೆ ತಂತಿ. ತಂತಿಗೆ ಗೋಡೆಯ ಹಂಗಿಲ್ಲ, ನೂರು ಮೀಟರಿನವರೆಗೆ ದಣಿವಿಲ್ಲ. ನಮಗೆ ಬೇಕಾದದ್ದು ಇಪ್ಪತ್ತೆರಡು ಮೀಟರು. ಗೋಡೆಗೆ ತೂತು ಕೊರೆಯುವುದು ಮಾತ್ರ ಮಹಾಭಾರತವಾಯಿತು. ಅಷ್ಟುದ್ದದ ಬೈರಿಗೆ ಆ ಹುಡುಗನಲ್ಲಿರಲಿಲ್ಲ. ಒಳಗಿನಿಂದ ಒಂದು, ಹೊರಗಿನಿಂದ ಒಂದು ತೂತು ಹಾಕಿದನು. ಎರಡೂ ಒಂದನ್ನೊಂದು ಎರಡು ಬೆರಳಷ್ಟು ತಪ್ಪಿಸಿಕೊಂಡವು. ಪಾನ್‌ಶೇತ್‌ಗೆ ಹೆದರಿ ಕಟ್ಟಿದ ಆ ಪುಣ್ಯಾತ್ಮರನ್ನು ನೆನೆದು ನಾನು ಕೈಮುಗಿದೆ. ಕಡೆಗೆ ಹಳೆಯ ಕೇಬಲ್ ಟೀವಿಯ ತಂತಿ ಬರುತ್ತಿದ್ದ ಕಿಟಕಿಯ ಕಿಂಡಿಯೇ ಉಪಯೋಗಕ್ಕೆ ಬಂದಿತು. ಎರಡೂ ತೂತುಗಳು ಇನ್ನೂ ಹಾಗೆಯೇ ಇವೆ; ಒಂದರಲ್ಲಿ ಇರುವೆಗಳು ಸಂಸಾರ ಹೂಡಿವೆ.

ಪಂಚಮಿಗೆ ಮೂರು ದಿನ ಉಳಿದಿತ್ತು. ಸಂಜೆ ಏಳಕ್ಕೆ ನಾನೇ ಫೋನು ಹಚ್ಚಿ ಅವ್ವನ ಕೈಗಿಟ್ಟೆ. ಆಕೆ ತೆಗೆದುಕೊಳ್ಳಲೊಲ್ಲಳು. ಮೊಮ್ಮಗಳು ಎದುರಿಗೆ ಹಿಡಿದು ನಿಂತಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಮೇಲೆ ಮಗನ ಮೀಟಿಂಗು ನಡೆದಿತ್ತು, ಚಿತ್ರ ಮಿಸುಕಲಿಲ್ಲ. ಆಮೇಲೆ ಚಿಕ್ಕವ್ವ, ಮಳೆ, ಹಂಚು, ಜಾರುವ ಅಂಗಳ, ದಸರೆ, ಎಲ್ಲವನ್ನೂ ಮೊದಲಿನಿಂದ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುತ್ತ ಅತ್ತಳು. ಅವ್ವ ಸೆರಗಿನಿಂದ ಫೋನಿನ ಗಾಜನ್ನು ಒರೆಸಿದಳು.

ಹತ್ತು ನಿಮಿಷ ಕಳೆದಿರಲಿಲ್ಲ, ಪಂಚಮಿಯ ಉಂಡೆಗಳ ವಿಚಾರ ಬಂದಿತು. ತಮ್ಮವ್ವ ಅಂಟಿನ ಉಂಡೆಗೆ ಬೆಲ್ಲ ಹಾಕುತ್ತಿದ್ದಳೆಂದು ಅವ್ವ, ಸಕ್ಕರೆಯೆಂದು ಚಿಕ್ಕವ್ವ. “ನಿನಗೇನ ಗೊತ್ತು, ನೀ ಆವಾಗ ತೊಟ್ಟಿಲದಾಗಿದ್ದಿ” ಎಂದು ಅವ್ವ ಅಂದದ್ದೇ ತಡ, ಪರದೆ ಕಪ್ಪಾಯಿತು. ನಾನು ಎದೆ ಹಿಡಿದುಕೊಂಡು ಡಬ್ಬಿಯತ್ತ ಓಡಿದೆ. ದೀಪ ಹಸಿರಾಗಿಯೇ ಉರಿಯುತ್ತಿತ್ತು.

“ಅದನ್ನ್ಯಾಕ ನೋಡ್ತಿ?” ಎಂದಳು ಅವ್ವ, ಪೆಟ್ಟಿಗೆಯ ಕೀಲಿಕೈ ಹುಡುಕುತ್ತ. “ಈ ಸಲ ಆಕೀನs ಕಟ್ ಮಾಡ್ಯಾಳ. ನಾಳೆ ಹಚ್ಚತಾಳ, ಬಿಡು.”